ಐನೂರಕ್ಕೆ ಒಂದೇ ಸಹಿ ಕಮ್ಮಿ

ಬೆಳಗಿನ ಐದೂ ನಲವತ್ತು. ಅಮೆರಿಕದ ಹೇವರ್ಡ್‌ನ ಅಪಾರ್ಟ್‌ಮೆಂಟೊಂದರ ಬಾಗಿಲು ತಟ್ಟಿ ಶರಣವ್ವ ಕಾಯುತ್ತಿದ್ದಾರೆ, ಪಕ್ಕದಲ್ಲಿ ನಾನು. ಕೈಯಲ್ಲಿ ಸಹಿ ಕಾಗದ ಕಚ್ಚಿಸಿದ ರಟ್ಟು, ಮುಖದಲ್ಲಿ ದುಗುಡ. ಸಂಜೆ ಐದರೊಳಗೆ ಚುನಾವಣಾ ಕಚೇರಿಗೆ ಈ ಕ್ಷೇತ್ರದ ಪಕ್ಷದ ಮತದಾರರ ಐನೂರು ಸಹಿ ಒಪ್ಪಿಸಬೇಕು. ಒಂದು ಕಮ್ಮಿಯಾದರೂ ಅವರ ಅಭ್ಯರ್ಥಿಯ ಹೆಸರು ಮತಪತ್ರಕ್ಕೆ ಬರುವುದಿಲ್ಲ.

ಆ ಅಭ್ಯರ್ಥಿ ಗದ್ದುಗೆಯಲ್ಲಿರುವ ಅಧ್ಯಕ್ಷರ ಎದುರು, ಅವರದೇ ಪಕ್ಷದೊಳಗಿದ್ದು, ಮುಂದಿನ ಚುನಾವಣೆಯ ಟಿಕೆಟ್ ಕೇಳುತ್ತಿದ್ದಾರೆ. ದೊಡ್ಡವರು ಯಾರೂ ಹತ್ತಿರ ಸುಳಿಯುತ್ತಿಲ್ಲ. ಸುಳಿದವರು ಬಾಗಲಕೋಟೆಯ ಶರಣವ್ವನಂಥವರು. ವಯಸ್ಸು ಅರವತ್ಮೂರು, ಡೇಕೇರ್ ಒಂದರ ಅಡುಗೆಮನೆಯಲ್ಲಿ ಕೆಲಸ. ಎಂಟಕ್ಕೆ ಒಲೆ ಹೊತ್ತಿಸುವ ಮುಂಚೆ ದಿನವೂ ಹತ್ತಿಪ್ಪತ್ತು ಬಾಗಿಲು ತಟ್ಟುತ್ತಾರೆ. ಎರಡು ತಿಂಗಳಲ್ಲಿ ಕೂಡಿದ್ದು 612 ಸಹಿ. ಬೇರೆ ಪಕ್ಷದವರು, ಬೇರೆ ಕ್ಷೇತ್ರದವರು ಎಂದು ಜರಡಿ ಹಿಡಿದ ಮೇಲೆ ಉಳಿದದ್ದು ಸರಿಯಾಗಿ ಐನೂರು. ಅದರಲ್ಲೂ ಒಂದರ ಮೇಲೆ ನಿನ್ನೆ ಅನುಮಾನ ಬಂದಿದೆ: ಗಂಡ ಹೆಂಡತಿ ಇಬ್ಬರದೂ ಒಂದೇ ಕೈಬರಹ.

"ಇವರ ಮನ್ಯಾಗ ಹೋಳಿಗಿ ಊಟ ಇತ್ರಿ. ರಟ್ಟು ಇವರ ಕೈಯಾಗ ಕೊಟ್ಟು ಬಡಸಾಕ ಹೋದೆ. ತಪ್ಪು ನಂದಽ," ಎಂದು ಮುಚ್ಚಿದ ಬಾಗಿಲು ತೋರಿಸಿ ಶರಣವ್ವ ನನಗೆ ಹೇಳುತ್ತಾರೆ.

ಬಾಗಿಲು ತೆರೆಯುತ್ತದೆ. ಆಸ್ಪತ್ರೆಯ ಡ್ಯೂಟಿಗೆ ಹೊರಟಿರುವ ಸ್ನೇಹಲ್, ಕಾರಿನ ಕೀ ಹಿಡಿದೇ ನಿಂತಿದ್ದಾರೆ.

"ಇದು ನಿನ್ನ ಸಹಿ ಏನವಾ?"

"ಇಲ್ಲ ಆಂಟಿ, ಇವರದ್ದು."

ಹಿಂದಿನಿಂದ ಪತಿ ಗುರುಕಿರಣ ನಗುತ್ತಾರೆ. "ಮನೇದೆಲ್ಲಾ ನಾನೇ ಸೈನ್ ಮಾಡೋದಲ್ವಾ ಆಂಟಿ? ಸ್ಕೂಲ್ ಫಾರ್ಮು, ಲೀಸು, ಎಲ್ಲಾ. ಅದೇ ಅಭ್ಯಾಸ. ಈಗ ಅವಳೇ ಹಾಕ್ತಾಳೆ ಬಿಡಿ."

ಸ್ನೇಹಲ್ ಪೆನ್ನು ಮುಟ್ಟುವುದಿಲ್ಲ. "ಸಾರಿ ಆಂಟಿ, ನಾನು ಹಾಕಲ್ಲ. ನನಗೆ ಈಗಿನ ಪ್ರೆಸಿಡೆಂಟೇ ಓಕೆ."

ಗುರುಕಿರಣ ಬೆಪ್ಪಾಗುತ್ತಾರೆ. ಶರಣವ್ವ ಆ ಸಾಲಿನ ಮೇಲೆ ಗೆರೆ ಎಳೆಯುತ್ತಾರೆ. 499. ಬಾಗಿಲು ಮುಚ್ಚಿದ ಮೇಲೆ ನಾನು, ಒಂದೇ ತಾನೆ, ಬಿಟ್ಟಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಎಂದು ನಾಚಿಕೆಯಿಲ್ಲದೆ ಕೇಳುತ್ತೇನೆ.

"ನನಗ ಗೊತ್ತಿತ್ತಲ್ರಿ. ನಮ್ಮವ್ವ ವೋಟು ಹಾಕಾಕ ಹೊಂಟ್ರ, ಇದಕ್ಕ ಒತ್ತು ಅಂತ ದೊಡ್ಡಪ್ಪ ಹೇಳಿ ಕಳಸಾವ. ಆಕಿ ಮನಸಿನ್ಯಾಗ ಏನೈತಂತ ಒಬ್ರೂ ಕೇಳಲಿಲ್ಲ."

ಡೇಕೇರ್ ಕೆಲಸ ಮುಗಿಸಿ ಮೂರಕ್ಕೆ ಗ್ರಾಸರಿ ಅಂಗಡಿಯೆದುರು ನಿಲ್ಲುತ್ತಾರೆ. ಮೂವತ್ತೊಂದು ಜನರನ್ನು ಕೇಳುತ್ತಾರೆ. ಕೆಲವರ ಕ್ಷೇತ್ರ ಬೇರೆ, ಕೆಲವರಿಗೆ ಮೀಟಿಂಗು, ಉಳಿದವರಿಗೆ ಅಧ್ಯಕ್ಷರ ತಂಟೆಯೇ ಬೇಡ. ಐದಕ್ಕೆ ಹತ್ತು ನಿಮಿಷವಿರುವಾಗ ಕಚೇರಿಯ ಕಿಟಕಿ ಮುಟ್ಟಿದರೂ ಲೆಕ್ಕ 499ರಲ್ಲೇ ನಿಂತಿದೆ. ಗುಮಾಸ್ತೆ ಎರಡು ಸಲ ಎಣಿಸಿ ಕಾಗದಗಳನ್ನು ವಾಪಸ್ ತಳ್ಳುತ್ತಾಳೆ.

ಮೆಟ್ಟಿಲ ಮೇಲೆ ಕೂತ ಶರಣವ್ವನ ಕಣ್ಣು ತುಂಬಿದೆ. ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

"ನೀರಾಗ ಹೋಮ ಮಾಡಿದಂಗಾತು, ಖರೇ. ಆದ್ರ ಆ ಹುಡುಗೀನ್ನ ಕೇಳಿದಾಕಿ ನಾನಽ ಅಲ್ರಿ?"