ಫೀಸು ಅವನ ತಲೆ ಮೇಲೆ

ಕಾಟನ್‌ಪೇಟೆಯ ನನ್ನ ಅಂಗಡಿಗೆ ಲೈನಿಂಗ್ ಬಟ್ಟೆ, ಸೀರೆ ಫಾಲ್ಸು ಕೊಳ್ಳಲು ಬರುವವರಿಗೆ ಬಿಲ್ಲಿನ ಜೊತೆ ಒಂದಿಷ್ಟು ಸಲಹೆಯನ್ನೂ ಕೊಟ್ಟು ಕಳಿಸುವುದು ನನ್ನ ಅಭ್ಯಾಸ. ಅವರು ಕೇಳಿದರೂ ಸರಿ, ಕೇಳದಿದ್ದರೂ ಸರಿ. ಹೆಗಲ ಮೇಲೆ ಬಟ್ಟೆಯ ಗಂಟು ಹೊತ್ತು ಶುರು ಮಾಡಿದವನು ನಾನು. ಈ ಮಳಿಗೆ, ಚಾಮರಾಜಪೇಟೆಯ ಮನೆ ಎರಡನ್ನೂ ಚೌಕಾಸಿಯಿಂದಲೇ ಮಾಡಿಕೊಂಡೆ. ಹಾಗಾಗಿ ಎಲ್ಲದರ ಬಗ್ಗೆಯೂ ಮಾತಾಡುವ ಹಕ್ಕು ನನಗಿದೆ ಅಂದುಕೊಂಡಿದ್ದೆ.

ಬಸವನಗುಡಿಯಲ್ಲಿ ರವಿಕೆ ಹೊಲಿದು, ಸೀರೆಗೆ ಕುಚ್ಚು ಹಾಕಿಕೊಡುವ ಹೆಂಗಸೊಬ್ಬರು ಹದಿನೈದು ವರ್ಷದಿಂದ ನನ್ನ ಗಿರಾಕಿ. ಒಂದು ಬೆಳಿಗ್ಗೆ ಬಂದವರು ಬಟ್ಟೆಯ ಕಡೆ ನೋಡಲೇ ಇಲ್ಲ, ಸ್ಟೂಲಿನ ಮೇಲೆ ಕೂತುಬಿಟ್ಟರು. ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುತ್ತೇನೆ ಅಂತ ಮಾಲೀಕ ಅವರ ಅಂಗಡಿ ಖಾಲಿ ಮಾಡಿಸಿದ್ದ. ಎರಡೂವರೆ ಲಕ್ಷ ಅಡ್ವಾನ್ಸಿನಲ್ಲಿ ಪೇಂಟಿಂಗು, ವೈರಿಂಗು ಅಂತ ಐವತ್ತು ಸಾವಿರ ಮುರಿದುಕೊಂಡು, ಉಳಿದ ಎರಡು ಲಕ್ಷ ಕೊಡುತ್ತೇನೆ ಅಂದಿದ್ದ. ಖಾಲಿ ಮಾಡುವಾಗ ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ನಮ್ಮೂರಿನ ಪದ್ಧತಿ, ಒಪ್ಪೋಣ. ಕೆಡವುವ ಕಟ್ಟಡಕ್ಕೂ ಪೇಂಟೇ?

"ಬಣ್ಣ ಹೊಡ್ದು ಆಮೇಲೆ ಬೀಳಿಸ್ತಾನಂತಾ?" ಅಂದೆ.

ಅವರು ನಗಲಿಲ್ಲ. "ಎರಡು ಲಕ್ಷ ತಗೊಂಡ್ಬಿಡ್ಲಾ ಅಣ್ಣಾ? ಅದೇ ರಸ್ತೇಲಿ ಎದುರುಗಡೆ ಒಂದು ಅಂಗಡಿ ಖಾಲಿ ಇದೆ. ಅಡ್ವಾನ್ಸು ಸರಿಯಾಗಿ ಎರಡು ಲಕ್ಷ. ಅಲ್ಲಿಗೆ ಹೋದ್ರೆ ನನ್ ಗಿರಾಕಿಗಳು ಎಲ್ಲೂ ಹೋಗಲ್ಲ. ಈ ವಾರ ಹೇಳ್ಬೇಕು."

ಎದುರಿನ ಅಂಗಡಿಯ ವಿಷಯ ನನ್ನ ತಲೆಗೆ ಹೋಗಲೇ ಇಲ್ಲ. ಮಾಲೀಕ ತಾನಾಗಿಯೇ ಎರಡು ಲಕ್ಷ ಅಂದಿದ್ದಾನೆ ಅನ್ನುವುದಷ್ಟೇ ಕಿವಿಗೆ ಬಿತ್ತು. ನಮ್ಮ ವ್ಯಾಪಾರದಲ್ಲಿ ಎದುರಿನವನ ಮೊದಲ ರೇಟು ಕೊನೆಯ ರೇಟಲ್ಲ. ಬೇಡ ಅಂತ ಅಂಗಡಿ ಇಳಿದು ನಾಲ್ಕು ಹೆಜ್ಜೆ ನಡೆದರೆ, ಹಿಂದಿನಿಂದ ಕೂಗು ಬರಲೇಬೇಕು.

"ಹೆದ್ರಿದಾನೆ ಕಣಮ್ಮಾ. ಎರಡು ಅಂದೋನು ಎರಡೂವರೆಗೆ ಬಂದೇ ಬರ್ತಾನೆ. ಆ ದುಡ್ಡು ಮುಟ್ಬೇಡಿ, ಕೇಸ್ ಹಾಕಿ."

"ವಕೀಲ್ರಿಗೆ ಕೊಡೋಕೆ ನನ್ ಹತ್ರ ಎಲ್ಲಿದೆ ಅಣ್ಣಾ?"

"ಈಗ ಕೊಟ್ಟಿರಿ. ಗೆದ್ಮೇಲೆ ಫೀಸೆಲ್ಲಾ ಅವನ ತಲೆ ಮೇಲೆ. ಸೋತೋನೇ ಕಟ್ಬೇಕು, ಅದೇ ಕಾನೂನು."

ಈ ಕಾನೂನನ್ನು ನನಗೆ ಯಾರೂ ಹೇಳಿರಲಿಲ್ಲ. ಡ್ಯಾಮೇಜ್ ಮಾಲು ಬಂದರೆ ವಾಪಸ್ ಕಳಿಸುವ ಲಾರಿ ಬಾಡಿಗೆಯನ್ನು ಕಳಿಸಿದವನೇ ಕೊಡಬೇಕು ಅನ್ನುವುದು ನಮ್ಮ ಪೇಟೆಯ ರಿವಾಜು. ಕೋರ್ಟೂ ಹಾಗೇ ಅಂದುಕೊಂಡಿದ್ದೆ.

ಪರಿಚಯದ ವಕೀಲರ ಆಫೀಸಿಗೆ ನಾನೇ ಕರೆದುಕೊಂಡು ಹೋದೆ. ಫೀಸಿನಲ್ಲಿ ಜಗ್ಗಾಡಿ ಐದು ಸಾವಿರ ಇಳಿಸಿದೆ, ಆ ಜಂಬ ಬೇರೆ. ಕೇಸಿನ ಖರ್ಚನ್ನೂ ಮಾಲೀಕನಿಂದಲೇ ಕೊಡಿಸಿ ಅಂತ ಕೋರ್ಟನ್ನು ಕೇಳೋಣ, ಅಂದರು ವಕೀಲರು. "ಆದ್ರೆ ನೋಡಿ, ಖರ್ಚು ಅಂದ್ರೆ ನೀವು ನನಗೆ ಕೊಡೋ ಫೀಸು ಪೂರ್ತಿ..."

"ಅದೆಲ್ಲಾ ಗೊತ್ತು ಬಿಡಿ ಸಾರ್. ಎಲ್ಲಿ ಸೈನ್ ಹಾಕ್ಬೇಕು ಹೇಳಿ" ಅಂದೆ.

ಮೀಟರಿಗೆ ಒಂದು ರೂಪಾಯಿ ಬಿಡದವನು ನಾನು. ಆ ವಾಕ್ಯದ ಉಳಿದರ್ಧವನ್ನು ಸುಮ್ಮನೆ ಬಿಟ್ಟುಕೊಟ್ಟೆ. ಪಕ್ಕದಲ್ಲಿ ಕೂತಿದ್ದ ಅವರು ವಕೀಲರನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಮಾಲೀಕ ಹಿಂದಿನಿಂದ ಕೂಗಲಿಲ್ಲ. ಎದುರಿನ ಅಂಗಡಿಗೆ ಹತ್ತೇ ದಿನದಲ್ಲಿ ಮೊಬೈಲ್ ಕವರ್ ಮಾರುವವನು ಬಂದ. ಅವರು ಮೆಷಿನ್ನನ್ನು ಎರಡನೇ ಮಹಡಿಯ ಬಾಡಿಗೆ ಮನೆಗೆ ಹೊರಿಸಿದರು. ಮೆಟ್ಟಿಲು ಹತ್ತಲಾರದ ವಯಸ್ಸಾದ ಗಿರಾಕಿಗಳು ಮೊದಲು ಬಿಟ್ಟರು, ಆಮೇಲೆ ಅವರ ಸೊಸೆಯರು. ನಾಲ್ಕು ವರ್ಷ ಕೇಸು ನಡೆಯಿತು. ಒಂದು ಸಲಕ್ಕೆ ಹತ್ತು ಡಜನ್ ಫಾಲ್ಸ್ ಒಯ್ಯುತ್ತಿದ್ದವರು ಎರಡು ಡಜನ್ನಿಗೆ ಇಳಿದರು. ಕಟ್ಟಿಕೊಡುತ್ತಿದ್ದವನು ನಾನೇ, ನನಗೆ ತಿಳಿಯದ್ದೇನಲ್ಲ. "ಧೈರ್ಯವಾಗಿರಿ, ಎಲ್ಲಾ ಬಡ್ಡಿ ಸಮೇತ ಬರುತ್ತೆ" ಅನ್ನುತ್ತಿದ್ದೆ.

ಕೇಸು ಗೆದ್ದೆವು. ಖರ್ಚು ಸಮೇತ ಅಂತ ತೀರ್ಪಾಯಿತು. ಅದೊಂದು ಮಾತು ಕೇಳಿದ್ದೇ ನಾನು ಮೈಸೂರ್ ಪಾಕ್ ತಂದು ವಕೀಲರ ಆಫೀಸಿಗೆಲ್ಲ ಹಂಚಿದೆ. ಕೆಲವು ದಿನದ ಮೇಲೆ ಅಲ್ಲಿನ ಗುಮಾಸ್ತರು ಡಿಕ್ರಿಯ ಪ್ರತಿ ತೆಗೆದು ನಮ್ಮಿಬ್ಬರಿಗೂ ಖರ್ಚಿನ ಪಟ್ಟಿ ತೋರಿಸಿದರು. ವಕೀಲರ ಫೀಸು ಅನ್ನುವ ಸಾಲಿನ ಮುಂದೆ ಇದ್ದದ್ದು, ನನ್ನ ಗಿರಾಕಿ ನಿಜಕ್ಕೂ ಕೊಟ್ಟಿದ್ದ ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತನೇ ಒಂದು ಭಾಗವೂ ಅಲ್ಲ.

"ಇಷ್ಟೇನಾ?" ಅಂದೆ.

"ರೂಲ್ಸ್ ಪ್ರಕಾರ ಲೆಕ್ಕ ಹಾಕೋದು ಇಷ್ಟೇ ಸಾರ್. ಮಿಕ್ಕಿದ್ದು ನಿಮ್ಮ ಕೈಯಿಂದ್ಲೇ ಹೋದಂಗೆ. ಸಾಹೇಬ್ರು ಅವತ್ತೇ ಹೇಳೋಕ್ ಬಂದ್ರಲ್ಲಾ?"

ಅಡ್ವಾನ್ಸು, ಬಡ್ಡಿ ಎಲ್ಲಾ ಸೇರಿಸಿ, ಫೀಸು ಕಳೆದರೆ ಅವರಿಗೆ ಮಿಕ್ಕಿದ್ದು ಹೆಚ್ಚುಕಡಿಮೆ ಎರಡು ಲಕ್ಷ. ನಾಲ್ಕು ವರ್ಷದ ಹಿಂದೆ ಮುಟ್ಟಬೇಡಿ ಅಂದಿದ್ದೆನಲ್ಲ, ಅದೇ ಎರಡು ಲಕ್ಷ. ಈಗ ಆ ರಸ್ತೆಯಲ್ಲಿ ಅಷ್ಟಕ್ಕೆ ಯಾರೂ ಅಂಗಡಿ ಕೊಡುವುದಿಲ್ಲ.

ಆಫೀಸಿನ ಮೆಟ್ಟಿಲಿಳಿಯುತ್ತಾ ಅವರು, "ಬಿಡಿ ಅಣ್ಣಾ, ಗೆದ್ವಲ್ಲಾ. ನೀವು ಒಳ್ಳೇದಕ್ಕೇ ಹೇಳಿದ್ರಿ" ಅಂದರು. ಬೈದಿದ್ದರೆ ಎದುರು ಮಾತಾಡಿ ಮನೆಗೆ ಹೋಗುತ್ತಿದ್ದೆ.

ಈಗ ಯಾರಾದರೂ ಕೇಸಿನ ಮಾತೆತ್ತಿದರೆ ಹೇಳುತ್ತೇನೆ: ಗೆದ್ದರೂ ನಿಮ್ಮ ವಕೀಲರ ಫೀಸು ಬಹುಪಾಲು ನಿಮ್ಮ ಜೇಬಿನದೇ ಅಂತ ತಿಳಿದುಕೊಂಡು ಹೆಜ್ಜೆ ಇಡಿ. ಎದುರಿನವನು ಕೊಡುತ್ತೇನೆ ಅಂದದ್ದರ ಪಕ್ಕದಲ್ಲಿ ಆ ಫೀಸನ್ನಿಟ್ಟು ನೋಡಿ. ವಕೀಲರು ವಾಕ್ಯ ಮುಗಿಸುವವರೆಗೆ ಬಾಯಿ ಮುಚ್ಚಿಕೊಂಡಿರಿ. ಒಳ್ಳೆಯ ಸಲಹೆಯೇ. ನನಗೆ ಹೇಗೆ ತಿಳಿಯಿತು ಅನ್ನುವುದನ್ನು ಮಾತ್ರ ಹೇಳುವುದಿಲ್ಲ.

ಫೀಸು ಯಾರ ತಲೆ ಮೇಲೆ ಅನ್ನುವುದು ಆ ಖರ್ಚಿನ ಪಟ್ಟಿ ನೋಡಿದ ದಿನವೇ ನನಗೆ ಗೊತ್ತಾಗಿತ್ತು. ಅರವತ್ತು ಅರವತ್ತು ಸಾವಿರದ ಎರಡು ಕವರು ಮಾಡಿ, ಅಂಗಿಯ ಒಳಜೇಬಿಗೊಂದು, ಕೈಚೀಲಕ್ಕೊಂದು ಹಾಕಿಕೊಂಡು ಅವರ ಮನೆಗೆ ಹೋದೆ. ಪೂರ್ತಿ ಕೊಡಬೇಕು ಅಂತಲೇ ಹೋಗಿದ್ದು. ಅವರು ಕುಚ್ಚು ಕಟ್ಟುತ್ತಿದ್ದ ಸೀರೆಯನ್ನು ಸರಿಸಿ ಕುರ್ಚಿ ಹಾಕಿದರು. ನಾನು ಬಾಯಿ ತೆರೆದೆ.

"ಫೀಸಲ್ಲಿ ಅರ್ಧ ನನ್ ಕಡೆಯಿಂದ ಇರ್ಲಮ್ಮಾ."

ಅರ್ಧ. ನಲವತ್ತು ವರ್ಷದ ಅಭ್ಯಾಸ ತಾನಾಗಿ ಮೊದಲ ರೇಟು ಹೇಳಿಬಿಟ್ಟಿತ್ತು. ಹೇಳಿದ ಮೇಲೆ ನಾನು ಕಾಯುತ್ತಾ ಕೂತದ್ದೂ ನಿಜ, ಎದುರಿನಿಂದ ಏನು ಬರುತ್ತದೆ ಅಂತ.

ಕೈಚೀಲದಿಂದ ತೆಗೆದುಕೊಟ್ಟ ಕವರನ್ನು ಅವರು ಕಣ್ಣೊರೆಸಿಕೊಂಡು ಎರಡೂ ಕೈಯಲ್ಲಿ ತಗೊಂಡರು. "ಇಷ್ಟು ಯಾರು ಕೊಡ್ತಾರೆ ಅಣ್ಣಾ? ನೀವು ಕೊಡ್ಲೇಬೇಕು ಅಂತೇನಿತ್ತು?" ಅಂದು ಕಾಫಿ ಮಾಡಲು ಒಳಗೆ ಹೋದರು.

ಕಾಫಿ ಕುಡಿದೆ. ಎರಡು ಮಹಡಿ ಇಳಿದೆ. ಒಳಜೇಬಿನ ಕವರು ನನ್ನ ಜೊತೆಗೇ ಬಂತು, ಬೀರುವಿನಲ್ಲಿದೆ. ಅವರು ಇನ್ನೊಂದು ಮಾತು ಕೇಳಿದ್ದರೆ ಅದನ್ನೂ ಕೊಟ್ಟೇಬಿಡುತ್ತಿದ್ದೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಅವರು ಯಾಕೆ ಕೇಳಬೇಕಿತ್ತು?