ಹಳ್ಳದ ದಾರಿ ಎಳೆದವನು

ಹಮ್ಮಾದಿ ಮೇಷ್ಟ್ರು ಹೆಸರಿಗೆ ಹಸಿದ ಮನುಷ್ಯ, ಅದರಾಚೆ ಅವನಲ್ಲಿ ಏನೂ ಇಲ್ಲ ಎಂಬುದು ಚಹಾದಂಗಡಿಯ ಸಾಸಿಯ ತೀರ್ಮಾನವಾಗಿತ್ತು. ಕೊಡೆಯ ಮೇಲೆ ಹೆಸರು, ಅಂಗಡಿಯಲ್ಲಿ ತಾನು ಕೂರುವ ಕುರ್ಚಿಯ ಬೆನ್ನಿಗೆ ಹೆಸರು. ಮಸೀದಿಗೆ ಕೊಟ್ಟ ಚಾಪೆಯ ಅಂಚಿಗೂ ಹೊಲಿಸಿದ್ದ.

ಮರುಭೂಮಿಯಂಚಿನ ತತಾವಿನ್ ಊರಿನ ಸುತ್ತಲಿನ ಗುಡ್ಡದ ದಾರಿಗಳನ್ನೆಲ್ಲ ರಜೆಗಳಲ್ಲಿ ಅಲೆದು, ಎಲ್ಲರೂ ಸೇರಿ ಬರೆಯುವ ಅಂತರ್ಜಾಲದ ಮುಕ್ತ ನಕ್ಷೆಗೆ ಏರಿಸಿದವನು ಅವನೇ. ಆ ನಕ್ಷೆಯನ್ನು ಯಾರು ಬೇಕಾದರೂ ಬಳಸಬಹುದು, ದುಡ್ಡೂ ಮಾಡಬಹುದು. ಎಲ್ಲಿಂದ ತಂದದ್ದೆಂದು ಒಂದು ಸಾಲು ಕಾಣಿಸಬೇಕು, ಅಷ್ಟೇ ಷರತ್ತು. ರಾಜಧಾನಿಯ ಸರಕು ಸಾಗಣೆ ಕಂಪನಿಯೊಂದು ನಕ್ಷೆಯನ್ನು ಎತ್ತಿಕೊಂಡಿತು, ಸಾಲನ್ನು ಬಿಟ್ಟಿತು. ಹೆಸರಿಲ್ಲದ ಒಂದು ಕಣಿವೆಗೆ ಹಮ್ಮಾದಿ ತನ್ನಜ್ಜನ ಹೆಸರಿಟ್ಟಿದ್ದ. ಅದು ಕಂಪನಿಯ ನಕ್ಷೆಯಲ್ಲೂ ಇತ್ತು. ಕಳ್ಳತನ ಸಿಕ್ಕಿಬಿದ್ದದ್ದು ಹಾಗೆ.

ಆ ಸಾಲು ಹಾಕಿ ಎಂದು ಕಂಪನಿಗೆ ಕಾಗದದ ಮೇಲೆ ಕಾಗದ ಹೋಯಿತು. ಪ್ರತಿಯೊಂದನ್ನೂ ಅಂಗಡಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದ.

"ಅಲ್ಲ ಹಮ್ಮಾದಿ, ನಿನ್ ಹೆಸರಿಲ್ಲ ಅಂತ ಕತ್ತೆ ದಾರೀಲಿ ನಡೆಯೋದು ಬಿಡ್ತಾ?" ಎಂದು ಸಾಸಿ ಛೇಡಿಸಿದ.

"ಕತ್ತೆಗೆ ಓದಕ್ಕೆ ಬರಲ್ಲ. ಅದಕ್ಕೇ ನಿನ್ನ ಕ್ಷಮಿಸಿದೀನಿ."

ಹಿಂಗಾರಿನ ನೆರೆಗೆ ಹಳ್ಳ ದಾಟುವ ಕಲ್ಲುಹಾಸು ಕೊಚ್ಚಿಹೋಯಿತು. ಹಮ್ಮಾದಿ ಅಂದೇ ಆ ದಾರಿಯನ್ನು ಮುಕ್ತ ನಕ್ಷೆಯಿಂದ ಅಳಿಸಿದ. ಕಂಪನಿಯ ಬಳಿ ಇದ್ದದ್ದು ಹಳೆಯ ಪ್ರತಿ, ಅದರಲ್ಲಿ ದಾರಿ ಹಾಗೆಯೇ ಉಳಿಯಿತು. ಮರುದಿನ ಕಂಪನಿಗೆ ಬರೆದ ಕಾಗದದಲ್ಲೂ ಹೆಸರಿನ ಜಗಳವೇ ತುಂಬಿತ್ತು, ಹಳ್ಳದ ಮಾತೇ ಇರಲಿಲ್ಲ. ಸಾಸಿ ಅದನ್ನು ಕೇಳಿಸಿಕೊಂಡಿದ್ದ, ಕಂಪನಿಗೆ ಅದನ್ನು ತಿಳಿಸಬೇಕೆಂದು ಅವನಿಗೂ ಹೊಳೆಯಲಿಲ್ಲ.

ಚಳಿಗಾಲದಲ್ಲಿ ಕಡಲತಡಿಯ ಮಹ್ದಿಯಾ ಊರಿನ ಲೊತ್ಫಿ ಎಂಬ ಚಾಲಕ, ಊರಿಗೆ ಹೊಸಬ, ಕಂಪನಿಯ ಫೋನು ತೋರಿಸಿದ ದಾರಿ ಹಿಡಿದು ಬಂದ. ಮುರಿದ ಅಂಚಿನಿಂದ ವ್ಯಾನು ಮಳೆಗೆ ತುಂಬಿದ್ದ ಹಳ್ಳಕ್ಕೆ ಬಿತ್ತು. ನೀರಿಳಿದ ಮೇಲೆ ಹೆಣ ಖರ್ಜೂರದ ತೋಪಿನಲ್ಲಿ ಸಿಕ್ಕಿತು.

ಮಣ್ಣು ಮಾಡಿದ ಮೇಲೆ ಅವನಪ್ಪ ಫರ್ಹಾತ್, ಮುದಿ ಮೀನುಗಾರ, ಕಂಪನಿಯ ನಕ್ಷೆ ತೆರೆದಿದ್ದ ಫೋನು ಹಿಡಿದು ಅಂಗಡಿಗೆ ಬಂದ.

"ನಕ್ಷೆ ನಮ್ದಲ್ಲ, ಕೆಳಗೆ ಬರ್ದಿದೆ ನೋಡ್ಕೋ ಅಂತಾರೆ ಕಂಪನಿಯೋರು. ನಂಗೆ ಓದಕ್ಕೆ ಬರಲ್ಲ ಮೇಷ್ಟ್ರೇ. ಏನಿದೆ ಅಲ್ಲಿ?"

ಹಮ್ಮಾದಿ ಕನ್ನಡಕ ಏರಿಸಿದ. ಹಾಕಿ ಎಂದು ಅವನು ಇಷ್ಟು ವರ್ಷ ಕೇಳಿದ ಸಾಲು ಅಲ್ಲಿತ್ತು. ಸಾವಾದ ಮೇಲೆ ಹಾಕಿದ್ದರು.

"ಈ ನಕ್ಷೆ ಮುಕ್ತ ನಕ್ಷೆ ಬರೆದವರದು," ಎಂದು ಓದಿದ.

"ಬರೆದೋರು ಅಂದ್ರೆ? ಆ ಹಳ್ಳದ ದಾರಿ ಎಳೆದೋನು ಯಾರು?"

ಸಾಲಿನಲ್ಲಿ ಯಾರ ಹೆಸರೂ ಇರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಮುದುಕ ನಂಬಿ ಬಸ್ಸು ಹತ್ತುತ್ತಿದ್ದ.

"ನಾನು," ಎಂದ ಹಮ್ಮಾದಿ.

ಸಾಸಿಗೆ ತಡೆಯಲಾಗಲಿಲ್ಲ. "ಯಜಮಾನ್ರೇ, ಪೂರ್ತಿ ಕೇಳಿ, ನೆರೆ ಬಂದ ದಿನಾನೇ ಇವ್ನು..."

"ಬಾಯ್ಮುಚ್ಚು ಸಾಸಿ. ಚಹಾ ತಾ." ಹಮ್ಮಾದಿ ಎದ್ದು, ಯಾರನ್ನೂ ಕೂರಗೊಡದ ತನ್ನ ಕುರ್ಚಿಯನ್ನು ಮುದುಕನತ್ತ ಸರಿಸಿ, ಎದುರಿಗೆ ನಿಂತ.