ಅವ್ವ ಬೇಡ ಅನ್ನಲಿಲ್ಲ

ಮಂಜುಳಾ, ಅವ್ವ ನಿನ್ನನ್ನು ಬೇಡ ಎಂದಿರಲಿಲ್ಲ. ಬೇಡ ಎಂದವಳು ನಾನು. ಆ ಮಾತನ್ನು ಅವ್ವನ ಬಾಯಿಗೆ ಹಚ್ಚಿದವಳೂ ನಾನೇ.

ಇದನ್ನು ಎದುರಿಗೆ ಕೂತು ಹೇಳಬಹುದಿತ್ತು. ಆದರೆ ನಿನ್ನ ಸ್ವಭಾವ ನನಗೆ ಗೊತ್ತು — ಅರ್ಧ ಮಾತಿಗೇ ‘ಇರ್ಲಿ ಬಿಡ್ರಿ ಅಕ್ಕಾ’ ಎಂದು ಎದ್ದು ಹೋಗಿ ಚಹಾಕ್ಕೆ ಇಟ್ಟುಬಿಡುತ್ತೀ. ಆ ‘ಇರ್ಲಿ ಬಿಡ್ರಿ’ ನನಗೆ ಬೇಕಾಗಿಲ್ಲ. ಅಷ್ಟು ಸಲೀಸಾಗಿ ನಾನು ಪಾರಾಗಬಾರದು. ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದು, ನಡುವೆ ಏಳಬೇಡ.

ಆ ವರ್ಷ ದೀಪಾವಳಿಯ ಸೂಟಿಗೆ ತಂಗಿ ನಿಮ್ಮಿ ಮಿರಜದಿಂದ ಒಬ್ಬಳೇ ಊರಿಗೆ, ಸಂಖಕ್ಕೆ, ಬಂದಿದ್ದಳು. ನಮ್ಮ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾನು ಕಡಲೆ ಹಸನು ಮಾಡುತ್ತಿದ್ದೆ, ಅವಳು ಬಂದು ಮೊರದ ಆ ತುದಿ ಹಿಡಿದಳು. ಕಡಲೆಯಿಂದ ಕಣ್ಣು ತೆಗೆಯದೆ ಹೇಳಿದಳು — ‘ಅಕ್ಕಾ, ನಾ ಲಗ್ನಾ ಆಗೂದಿಲ್ಲ. ಮಂಜುಳಾ ನನ್ನ ಗೆಳತಿ ಅಷ್ಟ ಅಲ್ಲ. ನಾವಿಬ್ರೂ ಸಂಸಾರನ ಮಾಡ್ಲಾಕತ್ತೀವಿ.’

ನನಗೆ ತಿಳಿಯಲಿಲ್ಲ ಎಂಬಂತೆ ಮುಖ ಮಾಡಿದೆ. ತಿಳಿದಿತ್ತು. ಅವ್ವನ ಕಣ್ಣಿನ ಆಪರೇಶನ್ನಿಗೆ ಮಿರಜಕ್ಕೆ, ನೀನು ಸಿಸ್ಟರ್ ಆಗಿರುವ ದವಾಖಾನೆಗೆ, ಬಂದು ನಿಮ್ಮ ಮನೆಯಲ್ಲಿ ಉಳಿದಾಗಲೇ ಎಲ್ಲ ಕಂಡಿತ್ತು — ನೀವಿಬ್ಬರೂ ಒಬ್ಬರ ತಟ್ಟೆಯಿಂದ ಒಬ್ಬರು ಉಪ್ಪಿನಕಾಯಿ ಎತ್ತಿಕೊಳ್ಳುವುದು, ಅವಳು ತಡವಾಗಿ ಬಂದರೆ ನೀನು ಗದರುವುದು. ಹಾಗೆ ಗದರುವ ಹಕ್ಕು ಗೆಳತಿಯರಿಗೆ ಇರುವುದಿಲ್ಲ. ಕಂಡದ್ದನ್ನು ಕಾಣಲಿಲ್ಲ ಎಂದುಕೊಂಡು ಊರಿಗೆ ಬಂದಿದ್ದೆ, ಅಷ್ಟೇ.

ಅವ್ವನಿಗೆ ಹೇಳುವ ಧೈರ್ಯ ತನಗಿಲ್ಲ, ನಾನೇ ಹೇಳಬೇಕು ಎಂದಳು ನಿಮ್ಮಿ. ಎಳ್ಳ ಅಮಾವಾಸ್ಯೆಗೆ ಇಬ್ಬರೂ ಹೊಲಕ್ಕೆ ಬರಬಹುದೇ ಎಂದು ಕೇಳಬೇಕಂತೆ. ಅವ್ವ ಹೂಂ ಎಂದರೆ ಬರುತ್ತೇವೆ, ಊಹೂಂ ಎಂದರೆ ಮತ್ತೆ ಆ ಮಾತೇ ತೆಗೆಯುವುದಿಲ್ಲ. ನನ್ನ ಮೇಲೆ ಅಷ್ಟು ಭರವಸೆ ಅವಳಿಗೆ. ಅಪ್ಪ ತೀರಿಕೊಂಡಾಗ ಅವಳಿನ್ನೂ ಸಾಲೆಗೆ ಹೋಗುತ್ತಿದ್ದಳು. ಜಡೆ ಹೆಣೆದು ಕಳಿಸುತ್ತಿದ್ದವಳು ನಾನು.

ಹಬ್ಬ ಹತ್ತಿರ ಬಂದಾಗ ಅವ್ವನಿಗೆ ಹೇಳಿದೆ. ಅವಳು ಸಜ್ಜೆ ರೊಟ್ಟಿ ಬಡಿಯುತ್ತಿದ್ದಳು. ಹೇಳುವಾಗ ನಾನು ದನಿಯಲ್ಲಿ ಸ್ವಲ್ಪ ಅಸಹ್ಯ ಬೆರೆಸಿದ್ದೆ — ಅದನ್ನೂ ಒಪ್ಪಿಕೊಳ್ಳುತ್ತೇನೆ — ಅವಳು ತಾನಾಗಿಯೇ ಸಿಡಿಯಲಿ ಎಂದು. ಅವ್ವ ಸಿಡಿಯಲಿಲ್ಲ. ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಹಾಕಿದಳು, ನೀರು ಸವರಿದಳು, ತಿರುವಿದಳು. ಆಮೇಲೆ ಅಂದಳು:

‘ಕಣ್ಣಿನ ಪಟ್ಟಿ ಬಿಚ್ಚಿದಾಗ ನನಗ ಮೊದಲ ಕಂಡಾಕಿ ಆ ಮಂಜುಳಾನ. ಬರ್ಲಿ, ಇಬ್ರೂ ಬರ್ಲಿ. ಈ ವರ್ಷ ಚರಗ ಅವ್ರಿಬ್ರ ಚೆಲ್ಲಲಿ.’

ಚರಗವೆಂದರೆ ಏನೆಂದು ಈಗ ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ಅಂದು ಆ ಮಾತು ನನಗೆ ಹೇಗೆ ತಾಗಿತು ಎಂಬುದನ್ನು ಹೇಳಬೇಕು. ಕಡುಬು, ರೊಟ್ಟಿ, ಪಲ್ಯ ಎಲ್ಲ ಕಲಸಿ ಬುಟ್ಟಿ ತುಂಬಿ, ನಿಂತ ಜೋಳದ ಬೆಳೆಗೆ ಎರಚುತ್ತ ಒಬ್ಬರು ಮುಂದೆ, ತಂಬಿಗೆಯಿಂದ ನೀರು ಚಿಮುಕಿಸುತ್ತ ಒಬ್ಬರು ಹಿಂದೆ ಹೊಲ ಸುತ್ತುವುದು. ನಮ್ಮ ಮನೆಯಲ್ಲಿ ಅದನ್ನು ಗಂಡ-ಹೆಂಡತಿಯೇ ಮಾಡಬೇಕು. ಅಪ್ಪ-ಅವ್ವ ಮಾಡುತ್ತಿದ್ದರು, ಅಪ್ಪನ ನಂತರ ನಾನು ಮತ್ತು ನನ್ನ ಯಜಮಾನರು. ಹೊಸದಾಗಿ ಮದುವೆಯಾದವರಿದ್ದರೆ ಆ ವರ್ಷ ಅವರಿಗೆ ಮಾನ. ಅವ್ವನಿಗೆ ಉದ್ದನೆಯ ಮಾತು ಬರುವುದಿಲ್ಲ. ಇದ್ದ ಒಂದು ಮಾತಿನಲ್ಲಿ ಅವಳು ನಿಮ್ಮ ಮದುವೆಯನ್ನೇ ಮಾಡಿ ಮುಗಿಸಿದ್ದಳು.

ನಾನು ಆ ಮಾತನ್ನು ನುಂಗಿದೆ.

ಆ ಹಬ್ಬಕ್ಕೆ ಯಳವಿಯಿಂದ ಬೀಗರಾಗುವವರು ಬರುವವರಿದ್ದರು. ಮಗ ಬಸುವಿಗೆ ಅವರ ಹುಡುಗಿ ಗೊತ್ತಾಗುವುದರಲ್ಲಿತ್ತು. ಅವರ ಕಣ್ಣೆದುರು ನಿಮ್ಮಿ ಬುಟ್ಟಿ ಹಿಡಿದು ಮುಂದೆ, ನೀನು ತಂಬಿಗೆ ಹಿಡಿದು ಹಿಂದೆ — ಅದು ಆಗಬಾರದು ಎಂದುಕೊಂಡೆ. ಮರುದಿನ ಅವ್ವ ಹಿತ್ತಲಲ್ಲಿದ್ದ ಹೊತ್ತು ನೋಡಿ ನಿಮ್ಮಿಗೆ ಫೋನು ಹಚ್ಚಿದೆ.

‘ಅವ್ವ ಬ್ಯಾಡ ಅಂದಾಳ. ನೀ ಒಬ್ಬಾಕಿ ಬರಾಂಗಿದ್ರ ಬಾ.’

ನಿಮ್ಮಿ ಅಳಲಿಲ್ಲ, ವಾದ ಮಾಡಲಿಲ್ಲ. ‘ಹೂಂ’ ಎಂದಳು. ನೀನು ಪಕ್ಕದಲ್ಲೇ ಇದ್ದೆ ಎಂದು ಕಾಣುತ್ತದೆ, ‘ಏನಂತ?’ ಎಂದು ನೀನು ಕೇಳಿದ್ದು ನನಗೆ ಕೇಳಿಸಿತು. ಫೋನು ಇಟ್ಟೆ. ಅವ್ವನಿಗೆ, ಅವರಿಗೆ ರಜೆ ಸಿಗಲಿಲ್ಲವಂತೆ ಎಂದೆ. ಅವ್ವ ಟ್ರಂಕಿನಿಂದ ಎರಡು ಕುಪ್ಪಸದ ಖಣ ತೆಗೆದು ಇಟ್ಟಿದ್ದಳು, ನಿಮಗೆ ಉಡಿ ತುಂಬಲು. ಅವನ್ನು ತಿರುಗಿ ಒಳಗಿಟ್ಟಳು.

ಹಬ್ಬ ಛಂದವಾಗಿ ಆಯಿತು. ಚರಗ ನಾವೇ ಚೆಲ್ಲಿದೆವು. ಬೀಗರು ಉಂಡು ಹೊಗಳಿದರು, ಹುಡುಗಿ ಗೊತ್ತಾಯಿತು. ಆ ದಿನ ನನಗೆ ದುಃಖವಾಯಿತು ಎಂದು ಬರೆದರೆ ಇನ್ನೊಂದು ಸುಳ್ಳಾಗುತ್ತದೆ. ನನಗೆ ಹಗುರವೆನಿಸಿತ್ತು. ಎರಡು ಸಲ ಕಡುಬು ಹಾಕಿಸಿಕೊಂಡು ಉಂಡಿದ್ದೆ.

ಆಮೇಲಿನ ವರ್ಷಗಳು… ನಿನಗೆ ಗೊತ್ತಿರುವುದು ಮಿರಜದ ಕಡೆಯದು. ಸಂಖದ ಕಡೆಯದನ್ನು ನಾನು ಹೇಳುತ್ತೇನೆ. ನಿಮ್ಮಿ ಫೋನು ಮಾಡಿದರೆ ಅವ್ವ ‘ಯಾವಾಗ ಬರ್ತಿ’ ಎನ್ನುತ್ತಿದ್ದಳು — ಇಬ್ಬರೂ ಎಂಬ ಅರ್ಥದಲ್ಲಿ. ನಿಮ್ಮಿ ಅದನ್ನು, ನೀನೊಬ್ಬಳೇ, ಎಂದು ಕೇಳಿಸಿಕೊಳ್ಳುತ್ತಿದ್ದಳು. ‘ನೋಡೂಣ’ ಎನ್ನುತ್ತಿದ್ದಳು. ಮಗಳಿಗೆ ನಮ್ಮ ಹಳ್ಳಿ, ನಮ್ಮ ಮಣ್ಣುಗೈ ಎಂದರೆ ನಾಚಿಕೆಯಾಗಿರಬೇಕು ಎಂದು ಅವ್ವ ನನ್ನ ಹತ್ತಿರ ಹೇಳುತ್ತಿದ್ದಳು. ನಾನು, ಪಟ್ಟಣದವರು ಹಾಗೇ ಎನ್ನುತ್ತಿದ್ದೆ. ಒಂದು ಸುಳ್ಳು ಹೇಳಿ ಬಿಟ್ಟರೆ ಆಗುತ್ತದೆ ಎಂದುಕೊಂಡಿದ್ದೆ. ಅದಕ್ಕೆ ದಿನಾ ನೀರು ಹಾಕಬೇಕಾಗುತ್ತದೆ. ಹಾಕಿದೆ. ತಾಯಿ-ಮಗಳು ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು ಆ ವಿಷಯವನ್ನೇ ಎತ್ತದೆ ಇದ್ದರು — ಅವರ ಒಳ್ಳೆಯತನವೇ ನನಗೆ ಬೇಲಿಯಾಯಿತು.

ಕೊನೆಗೊಂದು ವರ್ಷ, ಎಳ್ಳ ಅಮಾವಾಸ್ಯೆಯ ಮರುದಿನ, ಕಣ್ಣು ತೋರಿಸಿಕೊಂಡು ಬರುತ್ತೇನೆ ಎಂದು ಅವ್ವ ಒಬ್ಬಳೇ ಎಸ್ಟಿ ಬಸ್ಸು ಹತ್ತಿದಳು. ಕೈಯಲ್ಲಿ ಶೇಂಗಾ ಹೋಳಿಗೆಯ ಗಂಟು, ಆ ಎರಡು ಖಣ. ನಿಮ್ಮ ಬಾಗಿಲಲ್ಲಿ ಏನು ನಡೆಯಿತೆಂದು ನೀನೇ ನನಗೆ ಎಷ್ಟೋ ಸಲ ಹೇಳಿದ್ದೀ. ನಿಮ್ಮಿ ಬಾಗಿಲು ತೆರೆದವಳು ದಂಗಾಗಿ, ‘ಅವ್ವಾ, ನೀ ಬ್ಯಾಡ ಅಂದಿದ್ದಿ’ ಎಂದಳು. ಅವ್ವ ಚೂರು ಹೊತ್ತು ಅವಳ ಮುಖ ನೋಡಿದಳು. ಆಮೇಲೆ —

‘ಅಂದಿದ್ನಿ, ಖರೆ. ತಪ್ಪಾತು. ಈಗ ಒಳಗ ಕರೀತೀರೋ ಇಲ್ಲೋ?’

ನೀನು ಇದನ್ನು ಹೇಳುವಾಗಲೆಲ್ಲ ನಗುತ್ತೀ, ಕಣ್ಣು ಒರೆಸಿಕೊಳ್ಳುತ್ತೀ. ನಿನ್ನ ಪಾಲಿಗೆ ಅದು ಒಬ್ಬ ಮುದುಕಿ ಮನಸ್ಸು ಬದಲಿಸಿದ ಕತೆ. ಮಂಜುಳಾ, ಬದಲಿಸಲು ಅಲ್ಲೇನೂ ಇರಲಿಲ್ಲ. ಆ ಚೂರು ಹೊತ್ತಿನಲ್ಲಿ ಅವ್ವನಿಗೆ ನನ್ನ ಕೆಲಸವೆಲ್ಲ ತಿಳಿದುಹೋಗಿತ್ತು. ಹಿರಿಯ ಮಗಳ ಹೆಸರು ಹೇಳಿದ್ದರೆ ಅಕ್ಕ-ತಂಗಿಯರ ನಡುವೆ ಏನು ಉಳಿಯುತ್ತಿತ್ತು? ನಿಂತ ನಿಲುವಿನಲ್ಲೇ ಆ ತಪ್ಪನ್ನು ತನ್ನ ಉಡಿಗೆ ಹಾಕಿಕೊಂಡಳು. ಊರಿಗೆ ಬಂದು ನನಗೆ ಅಂದದ್ದು ಇಷ್ಟೇ: ಬರುವ ವರ್ಷ ಇಬ್ಬರೂ ಬರುತ್ತಾರೆ, ರೊಟ್ಟಿ ಜಾಸ್ತಿ ಬಡಿಯಬೇಕು.

ನೀವು ಬಂದಿರಿ. ಜನ ನೋಡಿದರು, ಕೇಳಿದರು. ನಿನ್ನ ಗುಂಗುರು ಕೂದಲು, ದಪ್ಪ ತುಟಿ, ಬಣ್ಣ ನೋಡಿ ಯಾವ ದೇಶದವಳು ಎಂದು ಒಬ್ಬಳು ನನ್ನನ್ನು ಕೇಳಿದರೆ ನೀನೇ ತಿರುಗಿ, ಯಲ್ಲಾಪುರದ ಕಡೆಯವಳು, ಸಿದ್ದಿಯವರ ಹುಡುಗಿ, ಕನ್ನಡ ಬರುತ್ತದೆ, ನನ್ನನ್ನೇ ಕೇಳಿ ಎಂದೆ. ನನ್ನ ಬೀಗತಿ ನಿನ್ನ ಕೂದಲು ಮುಟ್ಟಿ ನೋಡಲು ಕೈ ಚಾಚಿದಾಗ ನೀನು ಮೆಲ್ಲಗೆ ತಲೆ ಸರಿಸಿದೆ — ‘ಮುಟ್ಟಬ್ಯಾಡ್ರಿ. ಸಂತಿ ಕುರಿ ಅಲ್ಲ ನಾ.’ ಅವಳ ಮುಖ ಸಣ್ಣದಾಯಿತು. ನಾನು ಅವಳ ಪರ ಹೋಗಲಿಲ್ಲ, ನಿನ್ನ ಪರವೂ ಬರಲಿಲ್ಲ. ಚಟ್ನಿ ಬಡಿಸುತ್ತ ನಿಂತೆ. ಅವ್ವ ನಿನ್ನನ್ನು ತನ್ನ ಮಗ್ಗುಲಿಗೆ ಕೂಡಿಸಿಕೊಂಡಳು. ಆಮೇಲೆ ನಿಮ್ಮಿ ಮುಂದೆ, ನೀನು ಹಿಂದೆ ಹೊಲ ಸುತ್ತಿದಿರಿ. ಯಾರ ಜೋಳವೂ ಬಾಡಲಿಲ್ಲ. ಬಸುವಿನ ಸಂಸಾರವೂ ಮುರಿಯಲಿಲ್ಲ. ಅದೇ ಬೀಗತಿ ಈಗ ಮಂಡಿನೋವಿಗೆ ನಿನಗೇ ಫೋನು ಹಚ್ಚುತ್ತಾಳೆ.

ಅಲ್ಲಿಂದ ಈಚೆಗೆ ನೀನು ಈ ಮನೆಗೆ ಏನೇನಾಗಿದ್ದೀ ಎಂದು ಹೇಳಲು ಹೊರಟರೆ ಮುಗಿಯುವುದಿಲ್ಲ. ಅವ್ವನ ಕಾಲಿನ ಉಗುರು ಕತ್ತರಿಸುವವಳು ನೀನು. ನಾನು ಸಿಟ್ಟಿಗೆದ್ದರೆ ನಗಿಸುವವಳು ನೀನು, ಈ ಮನೆಯಲ್ಲಿ ಅದು ಸಣ್ಣ ಚಾಕರಿಯಲ್ಲ. ನಿಮ್ಮಿ ನಿನ್ನಿಂದ ಸುಖವಾಗಿದ್ದಾಳೆ — ನಾನು ಜಡೆ ಹೆಣೆದು ಕಳಿಸಿದ ಹುಡುಗಿ ಸುಖವಾಗಿದ್ದಾಳೆ. ಅದಕ್ಕೆ ನಾನು ನಿನಗೆ ಋಣಿ. ಇದನ್ನು ಒಂದು ಸಲವೂ ಬಾಯಿಬಿಟ್ಟು ಹೇಳಿರಲಿಲ್ಲ.

ಮೊನ್ನೆ ನೀನಿಲ್ಲದಾಗ ನಿಮ್ಮಿ ಒಬ್ಬಳೇ ಬಂದಿದ್ದಳಲ್ಲ, ಆಗ ಅವಳು ಕಲಿಸುವ ಸಾಲೆಯ ಇನ್ನೊಬ್ಬ ಟೀಚರ್ ಬಾಯಿಯವರ ಫೋನು ಬಂತು. ತನಗೆ ಹುಡುಗಿಯರ ಮೇಲೆ ಮನಸ್ಸಿಲ್ಲ ಎಂದು ಆಕೆಯ ಮಗ ಹೇಳಿದ್ದನಂತೆ, ಆಕೆ ಅಳುತ್ತಿದ್ದಳು. ನಿಮ್ಮಿ ಮರಾಠಿಯಲ್ಲಿ ಸಮಾಧಾನ ಹೇಳಿದಳು: ನಮ್ಮ ಅವ್ವನೂ ಮೊದಲು ಬೇಡವೆಂದಿದ್ದಳು, ಆಮೇಲೆ ತಾನೇ ಬಂದಳು, ನೀವೂ ಬರುತ್ತೀರಿ. ಅವ್ವ ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಗಡಿಯ ಊರಿನವಳು, ಮರಾಠಿ ಅವಳಿಗೆ ಕನ್ನಡದಷ್ಟೇ ತಿಳಿಯುತ್ತದೆ. ತಲೆ ಎತ್ತದೆ, ಹೌದು ಎಂಬಂತೆ ಗೋಣು ಹಾಕಿದಳು. ತಾನು ಆಡದ ಮಾತಿಗೆ, ಈ ವಯಸ್ಸಿನಲ್ಲಿ, ಇನ್ನೂ ಗೋಣು ಹಾಕುತ್ತಿದ್ದಾಳೆ. ನನ್ನಿಂದ ನೋಡಲಾಗಲಿಲ್ಲ. ಅವ್ವನನ್ನು ಒಳಗೆ ಕರೆದು, ನಿಮ್ಮಿಗೆ ಹೇಳಿಬಿಡುತ್ತೇನೆ ಎಂದೆ. ಬೇಡವೆಂದಳು. ‘ನನಗೇನ ಭಾರ ಆಗೇದ? ನೀವು ಅಕ್ಕ-ತಂಗಿ ಛಂದ ಇರ್ರಿ.’

ಆದರೂ ಹೇಳಿದೆ. ಅವ್ವನ ಎದುರೇ ಹೇಳಿದೆ. ನಿಮ್ಮಿ ನನ್ನ ಕಡೆ ನೋಡಲಿಲ್ಲ. ಎದ್ದು ಹೋಗಿ ಅವ್ವನ ತೊಡೆಯ ಮೇಲೆ ತಲೆ ಇಟ್ಟಳು. ಅವಳ ತಲೆ ಸವರುತ್ತ ಅವ್ವ ನನ್ನನ್ನು ಬೈದಳು. ಸಂಜೆ ಬಸ್ಸಿಗೆ ಹೋಗುವಾಗ ನಿಮ್ಮಿ ಅಂದದ್ದು ಒಂದೇ: ‘ಮಂಜುಳಾಗ ನೀನ ಹೇಳ. ನಾ ಹೇಳೂದಿಲ್ಲ.’ ಅವಳು ಹೇಳಿದ್ದು ಸರಿ. ಏಕೆಂದರೆ ಅವಳಿಗೆ ನಾನು ಹೇಳಿದ್ದು ಅರ್ಧ. ಉಳಿದರ್ಧ ನಿನ್ನದು.

ಇಬ್ಬರೂ ಹೆಂಗಸರು ಎಂಬುದಕ್ಕೆ ಹೆದರಿದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತ ಬಂದೆ. ಅದೂ ಇತ್ತು. ಆದರೆ ನೀನು ನಮ್ಮ ಕಡೆಯವಳಂತೆ ಕಾಣುವವಳಾಗಿದ್ದರೆ, ಬೆಳ್ಳಗಿದ್ದಿದ್ದರೆ, ನಾನು ನಿನ್ನನ್ನು ಕರೆಸುತ್ತಿದ್ದೆ. ನಿಮ್ಮಿಯ ಗೆಳತಿ, ದವಾಖಾನೆಯಲ್ಲಿ ಸಿಸ್ಟರ್ ಎಂದು ಬೀಗರಿಗೆ ಹೇಳಿ ಮುಚ್ಚಿಹಾಕುತ್ತಿದ್ದೆ. ನಿನ್ನನ್ನು ಮುಚ್ಚಿಡಲು ಬರುವಂತಿರಲಿಲ್ಲ. ನಿನ್ನ ಮುಖ ನನಗೆ ಬೇಡವಾಗಿತ್ತು, ಮಂಜುಳಾ. ನಿನ್ನ ಬಣ್ಣ. ಮಿರಜದಲ್ಲಿ ಮನೆ ಮಾಲೀಕರು ನಿನ್ನ ಮುಖ ನೋಡಿದ ಕೂಡಲೇ, ಮನೆ ಬೇರೆಯವರಿಗೆ ಕೊಟ್ಟೆವು ಎನ್ನುತ್ತಿದ್ದರು ಎಂದು ನೀನು ಹೇಳಿದಾಗ ನಾನು ‘ಎಂಥಾ ಜನ’ ಎಂದಿದ್ದೆ. ಆ ಜನರಲ್ಲಿ ನಾನೂ ಇದ್ದೆ.

ಹೀಗೆ ಮಾಡಿದವಳು ಯಾರು ಎಂಬುದನ್ನೂ ಕೇಳು. ನನ್ನನ್ನು ನೋಡಲು ಬಂದ ಗಂಡುಗಳೆಲ್ಲ ಅವಲಕ್ಕಿ ತಿಂದು, ಹುಡುಗಿ ಭಾಳ ಕಪ್ಪು ಎಂದು ಹೇಳಿ ಕಳಿಸಿದರು. ಕೊನೆಗೆ ಅವ್ವನ ತಮ್ಮನೇ, ನನ್ನ ಸೋದರಮಾವ, ನನ್ನನ್ನು ಮಾಡಿಕೊಂಡ. ಅವ್ವ ಇಂದಿಗೂ ನಮ್ಮ ಮನೆಯಲ್ಲಿರುವುದು ಹಾಗಾಗಿ. ಆ ನೋವು ಹೇಗಿರುತ್ತದೆಂದು ತಿಳಿಯದವಳು ಮಾಡಿದ ತಪ್ಪಲ್ಲ ಇದು. ತಿಳಿದವಳು ಮಾಡಿದ್ದು. ಇದಕ್ಕೆ ಕಾರಣ ಕೊಡಲು ನನಗೆ ಬರುವುದಿಲ್ಲ, ಕೊಡುವುದೂ ಇಲ್ಲ.

ರವಿವಾರ ಅವ್ವನ ಬಿ.ಪಿ. ನೋಡಲು ಬರುತ್ತೇನೆ ಎಂದು ನೀನು ಹೇಳಿದ್ದೆ. ಬಾ. ನನ್ನನ್ನು ಅಕ್ಕಾ ಎನ್ನುತ್ತೀಯೋ ಬಿಡುತ್ತೀಯೋ ನಿನಗೆ ಬಿಟ್ಟದ್ದು. ಮಾತೇ ಬಿಟ್ಟರೂ ನಾನು ಕೇಳುವ ಹಾಗಿಲ್ಲ. ಬಾಗಿಲಲ್ಲಿ ನಿಂತಿರುತ್ತೇನೆ. ಒಳಗೆ ಬಾ ಎಂದು ನಾನು ಕರೆಯುವುದಿಲ್ಲ, ಆ ಅಧಿಕಾರ ನನ್ನದಲ್ಲ. ಅವ್ವ ನಿನ್ನನ್ನು ಎಂದೋ ಕರೆದಾಗಿದೆ.